ಫಾರಂನಲ್ಲಿ ನಾನು ಬರೆದ ಸುಳ್ಳು

ಕಳೆದ ನವೆಂಬರಿನಲ್ಲಿ ಬೆಂಗಳೂರಿನ ಹೊರಗಿರುವ ಒಂದು ನಾಯಿಗಳ ಆಶ್ರಯ ಕೇಂದ್ರದಲ್ಲಿ ಕೂತು ನಾನು ಒಂದು ಫಾರಂ ತುಂಬಿದೆ. ನಾಯಿಯ ಹೆಸರು, ವಯಸ್ಸು, ತಳಿ, ಹಾಕಿಸಿದ ಇಂಜೆಕ್ಷನ್. ಕೊನೆಗೆ ಎರಡು ಪ್ರಶ್ನೆ ಇದ್ದವು. ಯಾಕೆ ಬಿಟ್ಟುಕೊಡುತ್ತಿದ್ದೀರಿ? ಯಾರಿಗಾದರೂ ಕಚ್ಚಿದೆಯೇ? ಮೊದಲನೆಯದಕ್ಕೆ 'ಮನೆ ಬದಲಾವಣೆ' ಅಂತ ಬರೆದೆ. ಎರಡನೆಯದಕ್ಕೆ 'ಇಲ್ಲ' ಅಂತ. ಎರಡೂ ಸುಳ್ಳು.

ನಾಯಿ ನನ್ನ ಕಾಲ ಹಿಂದೆ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಬಾಲ ಹೊಟ್ಟೆಯ ಕೆಳಗೆ. ಸಹಿ ಹಾಕಿ ಹಗ್ಗ ಅವರ ಕೈಗೆ ಕೊಟ್ಟು ಬಸ್ ಸ್ಟಾಪಿಗೆ ನಡೆದೆ. ಹಿಂದೆ ತಿರುಗಿ ನೋಡಲಿಲ್ಲ ಅಂದರೆ ಅದೂ ಸುಳ್ಳಾಗುತ್ತದೆ. ನೋಡಿದೆ. ಅದು ನನ್ನ ಕಡೆ ನೋಡುತ್ತಿರಲಿಲ್ಲ, ಗೇಟಿನ ಕಡೆ ನೋಡುತ್ತಿತ್ತು.

ಅದು ನನ್ನ ನಾಯಿಯಲ್ಲ, ಅಕ್ಕನದು. ಆದರೆ ತಂದುಕೊಟ್ಟವನು ನಾನೇ. ನಮ್ಮೂರು ಮುಧೋಳದಿಂದ ದೂರವಿಲ್ಲ. ಅಲ್ಲಿಯವನು ಅಂತ ಗೊತ್ತಾದ ಕೂಡಲೇ ಬೆಂಗಳೂರಿನಲ್ಲಿ ಎಲ್ಲರೂ ಕೇಳುವುದು ನಾಯಿಯ ವಿಷಯವೇ. ನಾನೂ ಎದೆ ಉಬ್ಬಿಸಿ ಹೇಳುತ್ತಿದ್ದೆ: ರಾಜಾ ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಕೊಟ್ಟ ನಾಯಿ ಇದು, 2005ರಲ್ಲಿ ಅಂಚೆಚೀಟಿಯಲ್ಲಿ ಬಂತು, 2016ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ಹೋಯಿತು, 2020ರಲ್ಲಿ ಪ್ರಧಾನಿ ಮನ್ ಕಿ ಬಾತ್‌ನಲ್ಲಿ ಹೆಸರು ಹೇಳಿದರು. ಇದೆಲ್ಲ ನಿಜವೇ. ಮೂರನೇ ಮಹಡಿಯ ಎರಡು ಕೋಣೆಯ ಮನೆಗೂ ಈ ನಾಯಿಗೂ ಏನು ಸಂಬಂಧ ಅಂತ ಮಾತ್ರ ನಾನು ಯಾರಿಗೂ ಹೇಳಲಿಲ್ಲ. ಅಕ್ಕ ಕೇಳಿದಳು, ನಾನು ಊರಿನ ಒಬ್ಬರ ಮನೆಯಿಂದ ನಲವತ್ತು ದಿನದ ಹೆಣ್ಣುಮರಿಯನ್ನು ರಟ್ಟಿನ ಡಬ್ಬಿಯಲ್ಲಿ ಇಟ್ಟು ರಾತ್ರಿ ಬಸ್ಸಿನಲ್ಲಿ ತಂದುಕೊಟ್ಟೆ. ಬಣ್ಣ ಒಣಗಿದ ಜೋಳದ ದಂಟಿನಂಥದ್ದು. ನಾನು ಕೆಂಪಿ ಅಂದೆ. ಅಕ್ಕನ ಮಗ ಸ್ಕೂಬಿ ಅಂದ.

ನಮ್ಮೂರಲ್ಲಿ ಈ ನಾಯಿಗಳು ಬೆಳೆಯುವುದನ್ನು ನೋಡಿದವರಿಗೆ ಗೊತ್ತು. ಮರಿ ಕಣ್ಣು ಬಿಡುವಾಗಲೇ ಸುತ್ತ ಎಮ್ಮೆ, ಕುರಿ, ಟ್ರ್ಯಾಕ್ಟರು, ಹತ್ತು ಮನೆಯ ಮಕ್ಕಳು, ಬೈಯುವ ಅಜ್ಜಿ. ಯಾವುದೂ ಅದಕ್ಕೆ ಹೊಸದಲ್ಲ. ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ ಮರಿ ಏನೇನು ನೋಡುತ್ತದೋ ಅದನ್ನೆಲ್ಲ 'ಇದು ನನ್ನ ಲೋಕ' ಅಂತ ಒಪ್ಪಿಕೊಳ್ಳುತ್ತದೆ. ಆಮೇಲೆ ಕಂಡದ್ದೆಲ್ಲ ಅದಕ್ಕೆ ಅನುಮಾನ. ಇದನ್ನು ನಾನು ಕಲಿತದ್ದು ತೀರ ತಡವಾಗಿ. ಕೆಂಪಿ ಆ ವಾರಗಳನ್ನೆಲ್ಲ ಬಾಲ್ಕನಿಯಲ್ಲಿ ಕಳೆಯಿತು. ಇಂಜೆಕ್ಷನ್ ಕೋರ್ಸ್ ಮುಗಿಯುವವರೆಗೆ ಬೀದಿಗೆ ಇಳಿಸಬೇಡಿ ಅಂತ ಡಾಕ್ಟರು ಹೇಳಿದ್ದರು, ಅದು ಸರಿಯಾದ ಮಾತೇ, ಪಾರ್ವೋ ಬಂದರೆ ಮರಿ ಉಳಿಯುವುದು ಕಷ್ಟ. ಆದರೆ ಎತ್ತಿಕೊಂಡು ಹೋಗಿ ಜನ ತೋರಿಸಬಹುದಿತ್ತು, ಮನೆಗೆ ನಾಲ್ಕು ಜನರನ್ನು ಕರೆಯಬಹುದಿತ್ತು. ಅಕ್ಕ, ಭಾವ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಹೋದರೆ ಸಂಜೆ ಏಳಕ್ಕೆ ಬರುವವರು.

ನಾಲ್ಕು ತಿಂಗಳಾಗುವಾಗ ಮೊದಲ ದೀಪಾವಳಿ ಬಂತು. ಮೂರು ದಿನ ಬಚ್ಚಲುಮನೆಯ ಬಕೆಟ್ ಹಿಂದೆ ಕೂತಿತ್ತು. ಅಲ್ಲಿಂದ ಮುಂದೆ ಕುಕ್ಕರ್ ಸೀಟಿಗೂ ಭಯ, ಲಿಫ್ಟಿನ ಬಾಗಿಲಿಗೂ ಭಯ, ಹೆಲ್ಮೆಟ್ ಹಾಕಿದ ಗಂಡಸರನ್ನು ಕಂಡರಂತೂ ನಿಂತಲ್ಲೇ ಉಚ್ಚೆ. ಒಂದು ಸಲ ಬೀದಿಯಲ್ಲಿ ಬೈಕ್ ಸದ್ದಿಗೆ ಹಿಂದೆ ಸರಿದದ್ದೇ ಕೊರಳಪಟ್ಟಿ ಕಳಚಿಕೊಂಡು ಓಡಿತು. ಈ ತಳಿಯ ತಲೆ ಸಪೂರ, ಕತ್ತು ದಪ್ಪ, ಸಾಧಾರಣ ಪಟ್ಟಿ ಜಾರಿಬಿಡುತ್ತದೆ. ಎದೆಗೂ ಸುತ್ತಿಬರುವ ಹಾರ್ನೆಸ್ ಬೇಕು. ಎರಡು ತಾಸು ಹುಡುಕಿದೆವು.

ಮುಟ್ಟಲು ಬಂದವರಿಗೆ ಗುರ್ ಅನ್ನುತ್ತಿತ್ತು. ಭಾವ ಪೇಪರ್ ಸುರುಳಿ ಮಾಡಿ ಮೂತಿಗೆ ಹೊಡೆದು ಅದನ್ನು ಬಿಡಿಸಿದರು. ಹಾಗೆ ಮಾಡಿ ಅಂತ ಹೇಳಿದವನೂ ನಾನೇ, ನಮ್ಮೂರಲ್ಲಿ ಮಾಡುವುದೇ ಹಾಗೆ. ನಾಯಿ ಗುರ್ ಅನ್ನುವುದು ಬಿಟ್ಟಿತು. ನಾವು ಸುಧಾರಿಸಿತು ಅಂದುಕೊಂಡೆವು. ಅದು ಭಯ ಬಿಟ್ಟಿರಲಿಲ್ಲ, ಹೇಳುವುದನ್ನು ಬಿಟ್ಟಿತ್ತು ಅಷ್ಟೇ.

ಎರಡನೇ ದೀಪಾವಳಿಯ ರಾತ್ರಿ ಅದು ಮಂಚದ ಕೆಳಗಿತ್ತು. ಅಕ್ಕನ ಮಗನಿಗೆ ಪಾಪ ಅನ್ನಿಸಿ ಲಾಡು ಹಿಡಿದುಕೊಂಡು ಕೈ ಒಳಗೆ ಹಾಕಿದ. ಆರು ವರ್ಷದ ಹುಡುಗ. ಸದ್ದೇ ಇಲ್ಲದೆ ಕಚ್ಚಿತು. ಅಂಗೈಯಲ್ಲಿ ಎರಡು ತೂತು, ರಕ್ತ.

ಓದುವ ನಿಮಗೆ ಉಪಯೋಗವಾಗಲಿ ಅಂತ ಇದೊಂದನ್ನು ವಿವರವಾಗಿ ಹೇಳುತ್ತೇನೆ. ಊರಿಂದ ಅಜ್ಜಿ ಫೋನಿನಲ್ಲಿ 'ಖಾರದಪುಡಿ ಮೆತ್ರಿ, ಸುಣ್ಣ ಹಚ್ರಿ' ಅಂತ ಕೂಗುತ್ತಿದ್ದಳು. ಅಕ್ಕ ಕೇಳಲಿಲ್ಲ. ನಲ್ಲಿ ಬಿಟ್ಟು ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದಳು, ಹುಡುಗ ಚೀರಾಡಿದರೂ ಬಿಡಲಿಲ್ಲ. ನಂತರ ಸೀದಾ ಆಸ್ಪತ್ರೆ. ಕೆಂಪಿಗೆ ರೇಬೀಸ್ ಲಸಿಕೆ ಆಗಿತ್ತು, ಆದರೂ ಡಾಕ್ಟರು ಹುಡುಗನಿಗೆ ಅವತ್ತೇ ಶುರು ಮಾಡಿದರು. ಮೊದಲ ದಿನ, ಆಮೇಲೆ 3, 7, 28ನೇ ದಿನ ಲಸಿಕೆ. ರಕ್ತ ಬಂದ ಗಾಯವಾದ್ದರಿಂದ ಗಾಯದ ಸುತ್ತಲೇ ಇನ್ನೊಂದು ಔಷಧಿ, ಇಮ್ಯುನೋಗ್ಲಾಬ್ಯುಲಿನ್. ಕಚ್ಚಿದ ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡಬೇಕು. ರೇಬೀಸ್ ಒಮ್ಮೆ ಕಾಣಿಸಿಕೊಂಡರೆ ಉಳಿಯುವುದು ಇಲ್ಲವೇ ಇಲ್ಲ ಅನ್ನಬೇಕು. ಹಾಗಾಗಿ ಮನೆಯ ನಾಯಿ, ಚಿಕ್ಕ ಗಾಯ, ನಾಳೆ ಹೋದರಾಯಿತು ಅಂತ ಕೂರಬೇಡಿ.

ಹತ್ತು ದಿನ ಕೆಂಪಿ ಬಾಲ್ಕನಿಯಲ್ಲಿ ಆರೋಗ್ಯವಾಗಿಯೇ ಇತ್ತು. ಹನ್ನೊಂದನೇ ದಿನ ಭಾವ ನನಗೆ ಫೋನ್ ಮಾಡಿ, 'ನೀನೇ ತಂದದ್ದು, ನೀನೇ ತಗೊಂಡು ಹೋಗು' ಅಂದರು. ಎಲ್ಲಾದರೂ ಹೊರವಲಯದಲ್ಲಿ ಇಳಿಸಿ ಬಾ, ಬೀದಿನಾಯಿಗಳು ಬದುಕುವುದಿಲ್ಲವೇ ಅಂತಲೂ ಒಬ್ಬರು ಹೇಳಿದರು. ಸಾಕಿದ ಪ್ರಾಣಿಯನ್ನು ಹಾಗೆ ಬಿಡುವುದು 1960ರ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ. ನಾನು ಆಶ್ರಯ ಕೇಂದ್ರಕ್ಕೆ ಹೋದ ಆಟೋಗೆ ಕೊಟ್ಟದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಬೀದಿಯಲ್ಲೇ ಹುಟ್ಟಿದ ನಾಯಿಗೆ ಒಂದು ಓಣಿಯಿರುತ್ತದೆ, ಅನ್ನ ಹಾಕುವ ಒಂದು ಮನೆಯಿರುತ್ತದೆ. ಆಪರೇಷನ್ ಮಾಡಿ ಹಿಡಿದ ಜಾಗಕ್ಕೇ ತಂದು ಬಿಡಬೇಕು ಅಂತ 2023ರ ನಿಯಮ ಹೇಳುವುದು ಅದಕ್ಕೇ. ಕೆಂಪಿಗೆ ವಾಪಸ್ ಬಿಡುವ ಜಾಗ ಯಾವುದು? ಬಾಲ್ಕನಿಯೇ?

ಫಾರಂನಲ್ಲಿ ಸುಳ್ಳು ಯಾಕೆ ಬರೆದೆ ಅಂದರೆ, ಕಚ್ಚುವ ನಾಯಿ ಅಂದರೆ ಅವರು ತೆಗೆದುಕೊಳ್ಳುವುದಿಲ್ಲ ಅಂತ ಹೆದರಿದ್ದೆ. ಆಮೇಲೆ ಅಕ್ಕನ ಮರ್ಯಾದೆ, ನನ್ನ ಊರಿನ ಹೆಸರು, ಏನೇನೋ ಕಾರಣ ಹುಡುಕಿಕೊಂಡೆ.

ಮೂರು ವಾರ ಆದಮೇಲೆ ಕೇಂದ್ರದಲ್ಲಿ ನಾಯಿ ನೋಡಿಕೊಳ್ಳುವ ಹುಡುಗ ಫೋನ್ ಮಾಡಿದ. ಕೊಪ್ಪಳ ಕಡೆಯವನು, ನನ್ನ ಮಾತು ಕೇಳಿ ನಮ್ಮ ಕಡೆಯವನು ಅಂತ ಗುರುತು ಹಿಡಿದಿದ್ದ. 'ಅಣ್ಣಾ, ನಿಮ್ಮ ನಾಯಿಗೆ ಮನಿ ಸಿಕ್ಕೈತಿ. ಗಂಡ ಹೆಂಡತಿ ಬಂದಿದ್ರು. ಮುಧೋಳ ಅಂದಕೂಡ್ಲೇ ಖುಷಿ ಆದ್ರು. ಭಾಳ ಶಾಂತ ಐತಿ, ಮಗೂಗೆ ಚಲೋ ಆಗತೈತಿ ಅಂದ್ರು.'

ಮಗು. ಐದು ವರ್ಷದ್ದಂತೆ.

ಕೆಂಪಿ ಶಾಂತವಾಗಿರಲಿಲ್ಲ. ತುಂಬಾ ಹೆದರಿದ ನಾಯಿ ಕೆಲವೊಮ್ಮೆ ಕಲ್ಲಿನ ಹಾಗೆ ಆಗಿಬಿಡುತ್ತದೆ. ಅಲುಗಾಡುವುದಿಲ್ಲ, ಬೊಗಳುವುದಿಲ್ಲ, ಮುಟ್ಟಿದರೂ ಸುಮ್ಮನೆ. ನೋಡಿದವರು ಎಷ್ಟು ಸಾಧು ಅನ್ನುತ್ತಾರೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಳಿಯನ ಅಂಗೈ ಕಣ್ಣ ಮುಂದೆ ಬರುತ್ತಿತ್ತು. ಬೆಳಿಗ್ಗೆ ಆಫೀಸಿಗೆ ರಜೆ ಹಾಕಿ ಹೋದೆ.

ಕೇಂದ್ರದ ಮೇಡಂ ನಾನು ಹೇಳಿದ್ದನ್ನೆಲ್ಲ ಕೇಳಿದರು. ಬೈಯಲಿಲ್ಲ. ಕಪಾಟಿನಿಂದ ಫಾರಂ ತೆಗೆದು 'ಇಲ್ಲ' ಅನ್ನುವುದರ ಮೇಲೆ ಗೆರೆ ಎಳೆದು 'ಹೌದು' ಅಂತ ಬರೆದು, ತಾರೀಖು ಹಾಕಿ, ನನ್ನ ಸಹಿ ತೆಗೆದುಕೊಂಡರು. ನಂತರ ಆ ಗಂಡ ಹೆಂಡತಿಗೆ ನನ್ನ ಎದುರೇ ಫೋನ್ ಮಾಡಿ ಬೇಡ ಅಂದರು. ಹೊರಗೆ ಕೊಪ್ಪಳದ ಹುಡುಗ ಅನ್ನದ ಹಂಡೆ ತೊಳೆಯುತ್ತಿದ್ದ. ಅವನಿಗೂ ಹೇಳಿದೆ. ಅವನು ಸ್ವಲ್ಪ ಹೊತ್ತು ತೊಳೆಯುತ್ತಲೇ ಇದ್ದ. 'ಮೂರು ವಾರ ಆತು ಅಣ್ಣಾ, ನಾನು ದಿನಾ ಅದರ ಮುಂದ ಬಗ್ಗಿ ತಟ್ಟಿ ಇಟ್ಟೀನಿ' ಅಂದ. 'ಮುಖ ಅದರ ಮುಖದ ಹತ್ರ ಇರತಿತ್ತು.' ಅಷ್ಟೇ ಅಂದದ್ದು. ಯಾರಾದರೂ ಕೆನ್ನೆಗೆ ಬಾರಿಸಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಅವತ್ತೇ ಗೂಡಿನ ಬಾಗಿಲಿಗೆ ಕೆಂಪು ಕಾರ್ಡ್ ಬಂತು: ಕಚ್ಚಿದ ಇತಿಹಾಸ ಇದೆ, ಸಣ್ಣ ಮಕ್ಕಳಿರುವ ಮನೆಗೆ ಬೇಡ. ಈಗ ಒಂಬತ್ತು ತಿಂಗಳಾಯಿತು. ಪಕ್ಕದ ಗೂಡಿನಲ್ಲಿ ನಾಯಿಗಳು ಬದಲಾಗುತ್ತಲೇ ಇರುತ್ತವೆ. ನೋಡಲು ಬಂದವರು ಕೆಂಪಿಯ ಮುಂದೆ ನಿಲ್ಲುತ್ತಾರೆ, ಚೆಂದದ ನಾಯಿ ಅನ್ನುತ್ತಾರೆ, ಕಾರ್ಡ್ ಓದುತ್ತಾರೆ, ಮುಂದೆ ಹೋಗುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಓದಲಿ ಅಂತಲೇ ಆ ಕಾರ್ಡ್ ಇರುವುದು. ಆದರೆ ಸುಳ್ಳು ಹಾಗೇ ಇದ್ದಿದ್ದರೆ ನಾಯಿಗೆ ಮನೆ ಸಿಗುತ್ತಿತ್ತಲ್ಲ ಅನ್ನುವ ಯೋಚನೆ ಈಗಲೂ ಒಮ್ಮೊಮ್ಮೆ ಬರುತ್ತದೆ. ಬಂದಾಗ ಆ ಐದು ವರ್ಷದ ಮಗುವನ್ನು ನೆನೆಸಿಕೊಳ್ಳುತ್ತೇನೆ.

ಪ್ರತಿ ಭಾನುವಾರ ಹೋಗುತ್ತೇನೆ. ಮೊದಲ ತಿಂಗಳು ಹುಡುಗ ನನ್ನನ್ನು ಒಳಗೇ ಬಿಡಲಿಲ್ಲ. ಗೂಡಿನ ಹೊರಗೆ, ಅದಕ್ಕೆ ಅಡ್ಡಲಾಗಿ ತಿರುಗಿ ಕೂರಬೇಕು. ಕಣ್ಣಿಗೆ ಕಣ್ಣಿಟ್ಟು ನೋಡಬಾರದು, ಮಾತಾಡಿಸಬಾರದು. ಬೇಯಿಸಿದ ಕೋಳಿಯ ಚೂರನ್ನು ನನ್ನ ಹತ್ತಿರವಲ್ಲ, ಅದರ ಹಿಂದೆ ಬೀಳುವ ಹಾಗೆ ಎಸೆಯಬೇಕು. ನನಗೆ ಇದು ವಿಚಿತ್ರ ಅನ್ನಿಸಿತು. ನಾವು ನಾಯಿ ಪಳಗಿಸುವುದೆಂದರೆ ಕೈಯಲ್ಲಿ ಹಿಡಿದು ಬಾ ಬಾ ಅನ್ನುವುದು. ಹುಡುಗ ಹೇಳಿದ: 'ಹಸಿವಿಗೆ ಅದು ಹತ್ರ ಬರತೈತಿ ಅಣ್ಣಾ. ತಿಂದ ಮ್ಯಾಗ ತಲಿ ಎತ್ತಿ ನೋಡಿದ್ರ ಮನಷ್ಯಾ ಮೂತಿ ಮುಂದ ಇರ್ತಾನ. ಆಗ ಕಚ್ಚತೈತಿ. ಹಿಂದಕ್ಕ ಒಗದ್ರ ಅದಕ್ಕ ದೂರ ಹೋಗಾಕ ದಾರಿ ಸಿಗತೈತಿ. ದೂರ ಹೋಗಾಕ ಬರತೈತಿ ಅಂತ ಗೊತ್ತಾದ್ರ ತಾನ ಹತ್ರ ಬರತೈತಿ.'

ಅವನು ಯಾವ ಕಾಲೇಜಿನಲ್ಲೂ ಓದಿಲ್ಲ, ಕುರಿ ಕಾದು ಬೆಳೆದವನು. ನಾಯಿಯ ಮುಖ ಓದುವುದನ್ನೂ ಅವನೇ ಕಲಿಸಿದ. ಸುಮ್ಮನೆ ಆಕಳಿಸಿದರೆ ನಿದ್ದೆ ಅಲ್ಲ, ಕಸಿವಿಸಿ. ತಿನ್ನಲು ಏನೂ ಇಲ್ಲದಾಗ ಮೂಗು ನೆಕ್ಕಿಕೊಂಡರೂ ಅದೇ. ತಲೆ ಆ ಕಡೆ ತಿರುಗಿಸಿ ಕಣ್ಣು ಮಾತ್ರ ನಿಮ್ಮ ಮೇಲಿಟ್ಟು, ಬಿಳಿಗುಡ್ಡೆ ಕಂಡರೆ ಹಿಂದೆ ಸರಿಯಬೇಕು. ಗುರ್ ಅಂದರೆ ಥ್ಯಾಂಕ್ಸ್ ಹೇಳಿ ಎದ್ದು ಬರಬೇಕು, ಹೊಡೆಯಬಾರದು. ಡಾಕ್ಟರು ಭಯ ತಗ್ಗಿಸುವ ಮಾತ್ರೆಯನ್ನೂ ಶುರು ಮಾಡಿದ್ದಾರೆ. ಅದು ಹಿಡಿಯಲು ವಾರಗಟ್ಟಲೆ ಬೇಕು, ಮಾತ್ರೆಯೊಂದರಿಂದಲೇ ಏನೂ ಆಗುವುದಿಲ್ಲ ಅಂತಲೂ ಹೇಳಿದ್ದಾರೆ.

ಜೂನ್‌ನಲ್ಲಿ ಒಂದು ದಿನ ಕೆಂಪಿ ನನ್ನನ್ನು ನೋಡಿ ಗುರ್ ಅಂದಿತು. ನಾನು ಬೇಜಾರಾಗಿ ಎದ್ದು ಬಂದರೆ ಹುಡುಗ ನಗುತ್ತಿದ್ದ. ಮೂತಿಗೆ ಹೊಡೆದು ಬಿಡಿಸಿದ್ದು ವಾಪಸ್ ಬಂದಿತ್ತು.

ಊರಿಗೆ ಯಾಕೆ ಕರೆದೊಯ್ಯಬಾರದು ಅಂತ ನೀವು ಕೇಳಬಹುದು. ಅಪ್ಪನೂ ಅದನ್ನೇ ಕೇಳಿದ. 'ತಂದು ಬಿಡು, ಹೊಲದಾಗ ಇರ್ತದ.' ನಮ್ಮ ಮನೆಗೆ ಕಾಂಪೌಂಡ್ ಇಲ್ಲ. ಮನೆಯ ಪಕ್ಕದ ದಾರಿಯಲ್ಲೇ ಶಾಲೆಯ ಮಕ್ಕಳು ಓಡಾಡುತ್ತಾರೆ, ದಿನಾ ಎರಡು ಹೊತ್ತು ಕುರಿಹಿಂಡು ಹೋಗುತ್ತದೆ. ಓಡುವುದನ್ನು ಕಂಡರೆ ಅಟ್ಟಿಸಿಕೊಂಡು ಹೋಗಲೆಂದೇ ತಲೆಮಾರುಗಳಿಂದ ಬೆಳೆಸಿದ ನಾಯಿ ಇದು. ಒಂದು ಕುರಿಮರಿ ಸತ್ತರೆ ಊರಿನವರು ಕೋಲು ತೆಗೆದುಕೊಳ್ಳುತ್ತಾರೆ, ಅವರದ್ದೂ ತಪ್ಪಲ್ಲ. ಇಲ್ಲವೇ ಸರಪಳಿಗೆ ಕಟ್ಟಬೇಕು. ಹೆದರಿದ ನಾಯಿಯನ್ನು ಕಟ್ಟಿದರೆ ಅದಕ್ಕೆ ಓಡಿಹೋಗುವ ದಾರಿ ಇರುವುದಿಲ್ಲ, ಉಳಿಯುವುದು ಕಚ್ಚುವ ದಾರಿ ಒಂದೇ. ಹಿತ್ತಲಿಗೆ ಆರಡಿ ಎತ್ತರದ ಬೇಲಿ ಹಾಕಿ ಫೋಟೋ ಕಳಿಸಿದರೆ ಮಾತ್ರ ಕೊಡುತ್ತೇನೆ ಅಂದಿದ್ದಾರೆ ಮೇಡಂ. ಅಪ್ಪನಿಗೆ ಹೇಳಿದೆ. 'ನಾಯಿ ಸಾಕಾಕೋ, ಆನಿ ಸಾಕಾಕೋ?' ಅಂದ. ಎರಡು ದಿನ ಬಿಟ್ಟು ತಾನೇ ಫೋನ್ ಮಾಡಿ, ತಂತಿ ಬಲೆಗೆ ಮುಧೋಳದಲ್ಲಿ ರೇಟು ವಿಚಾರಿಸಿದ್ದೇನೆ, ಕಬ್ಬಿನ ಬಿಲ್ಲು ಬಂದಮೇಲೆ ನೋಡೋಣ ಅಂದ. ಕಬ್ಬಿನ ಬಿಲ್ಲು ಯಾವಾಗ ಬರುತ್ತದೆ ಅಂತ ನಮ್ಮ ಕಡೆಯವರನ್ನು ಕೇಳಬೇಡಿ.

ಅಷ್ಟರಲ್ಲಿ ಬೇರೆ ಯಾರಾದರೂ ಸಿಕ್ಕರೆ ಅದೂ ಒಳ್ಳೆಯದೇ. ಸಣ್ಣ ಮಕ್ಕಳಿಲ್ಲದ, ಎತ್ತರದ ಗೋಡೆ ಇರುವ, ದಿನಾ ಬಂದು ಹೋಗುವವರು ಕಡಿಮೆ ಇರುವ ಮನೆ. ಮೂರ್ನಾಲ್ಕು ತಿಂಗಳು ನಾಯಿ ತನ್ನನ್ನು ಮುಟ್ಟಲು ಬಿಡದಿದ್ದರೂ ಬೇಸರ ಮಾಡಿಕೊಳ್ಳದ ಜನ.

ಅಳಿಯ ಈಗ ಎರಡನೇ ಕ್ಲಾಸು. ಕೈಯ ಗಾಯ ವಾಸಿಯಾಗಿದೆ, ಎರಡು ಬಿಳಿ ಚುಕ್ಕೆ ಉಳಿದಿವೆ. ಸ್ಕೂಬಿ ನನ್ನ ಮೇಲೆ ಸಿಟ್ಟು ಮಾಡಿಕೊಂಡಿದೆಯಾ ಮಾಮಾ ಅಂತ ಕೇಳುತ್ತಾನೆ. ಇಲ್ಲ ಅಂದೆ. ಅಕ್ಕ ಮಾತ್ರ ಇನ್ನೂ ಒಂದು ಸಲವೂ ಕೇಂದ್ರಕ್ಕೆ ಬಂದಿಲ್ಲ.

ಮೊನ್ನೆ ಭಾನುವಾರ ಗೂಡಿನ ಒಳಗೆ ಕೂತಿದ್ದೆ. ಕೆಂಪಿ ಬಂದು ನನ್ನ ಚಪ್ಪಲಿ ಮೂಸಿ, ಪಕ್ಕದಲ್ಲಿ ಬಿದ್ದಿದ್ದ ಚೂರು ತಿಂದು, ಓಡಿ ಹೋಗದೆ ಒಂದು ಮಾರು ದೂರದಲ್ಲಿ ಮಲಗಿತು. ಕಿವಿ ಮಾತ್ರ ಬಾಗಿಲ ಕಡೆಗಿತ್ತು. ಮುಂದಿನ ವಾರ ಕುಕ್ಕರ್ ಸೀಟಿಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಾ ಅಂದಿದ್ದಾನೆ ಹುಡುಗ. ತೀರ ಸಣ್ಣ ದನಿಯಲ್ಲಿ ಹಾಕಿ, ಜೊತೆಗೇ ಕೋಳಿ ಹಾಕಿ ನೋಡೋಣ ಅಂತ.