ಕುರ್ಚಿ ಸರಿಸಿ, ಜಮಖಾನೆ ಹಾಸಿ

ಕರ್ನಾಟಕದ ಕಡೆಯಿಂದ ರೈಲಿನಲ್ಲಿ ಹೈದರಾಬಾದಿಗೆ ಬರುವ ಅನೇಕರು ಇಳಿಯುವುದು ಕಾಚಿಗುಡದಲ್ಲಿ. ನಿಜಾಮರ ಕಾಲದಲ್ಲಿ, 1916ರಲ್ಲಿ ಕಟ್ಟಿದ ಗುಮ್ಮಟದ ನಿಲ್ದಾಣ ಅದು. 2023ರ ಸೆಪ್ಟೆಂಬರಿನಿಂದ ಅಲ್ಲಿಂದ ಯಶವಂತಪುರಕ್ಕೆ ವಂದೇ ಭಾರತ್ ಕೂಡ ಓಡುತ್ತಿದೆ. ನಿಲ್ದಾಣದಿಂದ ಹೊರಬಿದ್ದು ಆ ಬಡಾವಣೆಯಲ್ಲಿ ಸ್ವಲ್ಪ ಅಡ್ಡಾಡಿದರೆ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಎಂಬ ಫಲಕಗಳು ಕಾಣುತ್ತವೆ. ಹೊಸಬರಿಗೆ ಆಶ್ಚರ್ಯ. ಆದರೆ ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದ ಜಿಲ್ಲೆಗಳಾಗಿದ್ದವು. ಅಲ್ಲಿಂದ ಓದಲು, ನೌಕರಿಗೆ ಬಂದವರಿಗೆ ಇದು ಪರಊರಲ್ಲ, ಅವರದೇ ರಾಜಧಾನಿ.

ನಮ್ಮಂತೆ ಕಂಪ್ಯೂಟರ್ ಕೆಲಸ ಹಿಡಿದು ಬಂದವರು ಊರಿನ ಇನ್ನೊಂದು ತುದಿಯಲ್ಲಿದ್ದೇವೆ. ಗಚ್ಚಿಬೌಲಿ, ಕೊಂಡಾಪುರ, ಮಿಯಾಪುರ. ರಾಯದುರ್ಗದಲ್ಲಿ ಮೆಟ್ರೊ ಹತ್ತಿ, ಅಮೀರ್‌ಪೇಟೆಯಲ್ಲಿ ಒಮ್ಮೆ ಬದಲಿಸಿ, ಮಹಾತ್ಮ ಗಾಂಧಿ ಬಸ್ ನಿಲ್ದಾಣದಲ್ಲಿ ಮತ್ತೊಮ್ಮೆ ಬದಲಿಸಿ ಸುಲ್ತಾನ್ ಬಜಾರಿನಲ್ಲಿ ಇಳಿಯಬೇಕು. ಮೇ ತಿಂಗಳ ನಲವತ್ತು ಡಿಗ್ರಿ ಬಿಸಿಲಲ್ಲಿ ಮಕ್ಕಳನ್ನು ಕಟ್ಟಿಕೊಂಡು ಅಷ್ಟು ದೂರ ಹೋಗಲು ರಾಜ್ಯೋತ್ಸವದಂಥ ದೊಡ್ಡ ಕಾರಣವೇ ಬೇಕು. ಹೋದರೂ, ಸಭಾಂಗಣ ಎಂದರೆ ನಮ್ಮಲ್ಲಿ ಎಲ್ಲ ಕಡೆಯೂ ಒಂದೇ ರೂಪ: ವೇದಿಕೆ, ಮೈಕು, ಸಾಲು ಕುರ್ಚಿ. ಎರಡನೇ ಭಾಷಣಕ್ಕೆ ಮಕ್ಕಳು ಫೋನು ಕೇಳುತ್ತಾರೆ, ಮೂರನೆಯದಕ್ಕೆ ನಾವೇ ಕೊಟ್ಟುಬಿಡುತ್ತೇವೆ.

ಹೀಗಾಗಿ ಕಳೆದ ಬೇಸಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕಮ್ಯೂನಿಟಿ ಹಾಲನ್ನೇ ಭಾನುವಾರ ಮಧ್ಯಾಹ್ನದ ಹೊತ್ತಿಗೆ ಕೇಳಿ ಪಡೆದೆವು. ಹುಟ್ಟುಹಬ್ಬದ ಪಾರ್ಟಿಗಳಿಗೆಂದೇ ಇದ್ದ ಕೋಣೆ. ಮಾಡಿದ್ದು ಇಷ್ಟೇ: ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಮೂಲೆಗೆ ತಳ್ಳಿದೆವು, ಮನೆಮನೆಯಿಂದ ಜಮಖಾನೆ ತಂದು ಹಾಸಿದೆವು. ಬರಿ ಗೋಡೆಗಳ ನಡುವೆ ಮಾತು ಗವಿಯಲ್ಲಿ ಆಡಿದಂತೆ ಮೊಳಗುತ್ತಿತ್ತು, ಹಾಸಿದ ಮೇಲೆ ಅದೂ ಅರ್ಧಕ್ಕರ್ಧ ಇಳಿಯಿತು. ಮೈಕು ತರಬಾರದು ಎಂಬುದೊಂದೇ ನಿಯಮ. ಅದನ್ನು ಪಾಲಿಸುವುದು ಕೆಲವು ಹಿರಿಯರಿಗೆ ಕಷ್ಟವಾಯಿತು, ಇರಲಿ.

ನೆಲದ ಮೇಲೆ ಸೀಮೆಸುಣ್ಣದಿಂದ ಐದೈದು ಮನೆಯ ಚೌಕಾಬಾರ ಬರೆದು ನಾಲ್ಕು ಕವಡೆ ಇಟ್ಟೆವು. ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು. ಇಷ್ಟರವರೆಗೆ ಎಲ್ಲರೂ ಒಪ್ಪಿದರು. ಜಗಳ ಶುರುವಾದದ್ದು ಒಳಮನೆಯ ವಿಷಯಕ್ಕೆ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಗೆ ಹೋಗುವಂತಿಲ್ಲ ಎಂದರು ಮೈಸೂರಿನ ಅಜ್ಜಿ. "ನಮ್ಮ ಕಡಿ ಹಂಗಿಲ್ರಿ ಅಮ್ಮಾ, ಸುತ್ತು ಮುಗೀತಂದ್ರ ಒಳಗ ಹೋಗೋದ" ಎಂದರು ಬೀದರಿನಿಂದ ಬಂದ ತಾಯಿ. ಪಕ್ಕದ ಬ್ಲಾಕಿನ ತೆಲುಗು ಅಜ್ಜಿ ಸುಮ್ಮನೆ ನೋಡಲು ಬಂದವರು, "ಇದಿ ಮಾ ಅಷ್ಟಾ ಚಮ್ಮಾ" ಎನ್ನುತ್ತ ಕೂತೇಬಿಟ್ಟರು. ಅವರ ಮನೆಯಲ್ಲಿ ಮತ್ತೊಂದೇ ನಿಯಮ.

ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಒಂಬತ್ತು ವರ್ಷದ ಹುಡುಗಿಯೊಬ್ಬಳಿದ್ದಾಳೆ. ಅವಳ ಕಾಯಿ ಮನೆ ಮುಟ್ಟುವ ಹೊತ್ತಿಗೆ ಹೊಡೆತ ಬಿತ್ತು. "ಅಜ್ಜಿ ಮೋಸ ಮಾಡ್ತಿದಾರೆ! ಕವಡೆ ಅಲ್ಲಾಡಿಸಿದ್ರು, ನಾನು ನೋಡ್ದೆ!" ಎಂದು ಕಿರುಚಿದಳು. ಅವಳ ಅಮ್ಮ ನನ್ನ ಮುಖ ನೋಡಿದರು. ವಾರಕ್ಕೊಂದು ಕನ್ನಡ ತರಗತಿ ನಡೆಸಿದಾಗ ಅಕ್ಷರ ಬಂದಿತ್ತು, ಈ ದನಿ ಬಂದಿರಲಿಲ್ಲ. ಸೋಲುವಾಗ ಬರುವ ಭಾಷೆಯೇ ಬೇರೆ ಇರಬೇಕು.

ಅಳಗುಳಿ ಮಣೆಗೂ ಬೇಡಿಕೆ ಬಂತು. ಏಳೇಳು ಗುಳಿಗಳ ಎರಡು ಸಾಲು, ಒಂದು ಹಿಡಿ ಹುಣಸೆ ಬೀಜ, ಅಷ್ಟೇ ಸಾಕು. ತೆಲುಗರಿಗೆ ಅದು ವಾಮನಗುಂಟಲು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಇಂಥ ಆಟಗಳ ಮಣೆ, ಹಾಸುಗಳ ‘ಕ್ರೀಡಾ ಕೌಶಲ್ಯ’ ಪ್ರದರ್ಶನ ನಡೆಸುತ್ತ ಬಂದಿದ್ದಾರೆ. ಊರಿಗೆ ಹೋದಾಗ ನೋಡಿಬನ್ನಿ.

ಕಟ್ಟಡವನ್ನು ಹೊಸ ಕೆಲಸಕ್ಕೆ ಒಗ್ಗಿಸಿಕೊಳ್ಳುವುದು ಈ ಊರಿಗೆ ಹೊಸದಲ್ಲ. ಬಂಜಾರಾ ಹಿಲ್ಸಿನ ಲಾಮಕಾನ್ ಒಂದು ಕಾಲಕ್ಕೆ ವಾಸದ ಮನೆ. 2010ರಿಂದ ಅಲ್ಲಿ ನಾಟಕ, ಚರ್ಚೆ, ಹಾಡು, ಜೊತೆಗೆ ಚಹಾ ಸಮೋಸ. ದೊಡ್ಡ ಖರ್ಚಿನ ಸಭಾಂಗಣಕ್ಕೆ ಬರದ ಜನ ಅಲ್ಲಿ ಮೆಟ್ಟಿಲ ಮೇಲೆ ಕೂತು ಹರಟುತ್ತಾರೆ.

ನಮ್ಮ ಹಾಲಿನ ಗತಿ ಮಾತ್ರ ಇನ್ನೂ ತೂಗುಯ್ಯಾಲೆಯಲ್ಲಿದೆ. ಭಾನುವಾರದ ಬಾಡಿಗೆ ಕೈತಪ್ಪುತ್ತದೆ ಎಂಬುದು ನಿವಾಸಿಗಳ ಸಮಿತಿಯ ತಕರಾರು, ಅದು ಸುಳ್ಳೂ ಅಲ್ಲ. ಪಾರ್ಟಿ ಇಲ್ಲದ ಭಾನುವಾರ ಮಾತ್ರ, ಎರಡರಿಂದ ಐದರವರೆಗೆ, ವಿದ್ಯುತ್ತಿನ ಖರ್ಚು ನಮ್ಮದು ಎಂದು ಬರೆದುಕೊಟ್ಟಿದ್ದೇವೆ. ಅರ್ಜಿಗೆ ಮೊದಲ ಸಹಿ ಹಾಕಿದ್ದು ಆ ತೆಲುಗು ಅಜ್ಜಿ. ಜಮಖಾನೆ, ಕವಡೆ ಇಡಲು ಬೀಗವಿರುವ ಒಂದು ಟ್ರಂಕು ಬೇಕಾಗಿದೆ. ಹಳೆಯದು ಯಾರ ಮನೆಯಲ್ಲಾದರೂ ಇದ್ದರೆ ಹೇಳಿ, ನಾವೇ ಬಂದು ಒಯ್ಯುತ್ತೇವೆ.