ರೋಹಿಣಿಗೆ ಬಾ, ಡಬ್ಬಿ

ನಮ್ಮ ಹಿತ್ತಲಿನಿಂದ ಕಾಣೆಯಾದ ಡಬ್ಬಿ ಮೆಣಸಿನಕಾಯಿಗೆ,

ನೀನು ಪೂರ್ತಿ ಅಳಿದಿಲ್ಲ, ಗೊತ್ತು. ಕುಂದಗೋಳ, ಅಣ್ಣಿಗೇರಿ ಕಡೆಯ ಎರೆಹೊಲಗಳಲ್ಲಿ ಹಟ ಬಿಡದ ಕೆಲವರು ಇನ್ನೂ ನಿನ್ನ ಬೀಜ ಕಾಯ್ದುಕೊಂಡಿದ್ದಾರೆ. ಬ್ಯಾಡಗಿ ಪೇಟೆಗೆ ನೀನು ಬಂದರೆ ಉದ್ದನೆಯ ಕಡ್ಡಿ ತಳಿಗಿಂತ ಗಿಡ್ಡ, ದಪ್ಪ, ಸುಕ್ಕುಸುಕ್ಕಿನ ನಿನಗೇ ಹೆಚ್ಚು ಬೆಲೆ. ಖಾರ ಕಡಿಮೆ, ಬಣ್ಣ ಹೆಚ್ಚು, ಘಮ ಇನ್ನೂ ಹೆಚ್ಚು. ನೀನು ಇಲ್ಲವಾದದ್ದು ಮನೆಯ ಹಿಂದಿನ ನಾಲ್ಕು ಮಾರು ಜಾಗದಿಂದ. ಅಲ್ಲಿಗೆ ಮರಳಿ ಬಾ ಎನ್ನಲು ಈ ಕಾಗದ.

ನಿನ್ನನ್ನು ಬಿಟ್ಟುಕೊಟ್ಟ ರೈತರ ಮೇಲೆ ನನಗೆ ಸಿಟ್ಟಿಲ್ಲ. ಮಳೆಯನ್ನೇ ನಂಬಿದ ಹೊಲ, ಕೈಗೆ ಹತ್ತದ ಇಳುವರಿ, ಬಿಡದೆ ಕಾಡುವ ಮುಟುರು ರೋಗ. ಸಾಲದ್ದಕ್ಕೆ 2021ರಲ್ಲಿ ಹೊರದೇಶದ ಕಪ್ಪು ಥ್ರಿಪ್ಸ್ ಬಂದು ಹೂವಿನೊಳಗೇ ಕೂತಿತು. ಸಾಲ ತೀರಿಸಬೇಕಾದವರು ಹೈಬ್ರಿಡ್ ಹಿಡಿದರೆ ತಪ್ಪೇನು? 2011ರಲ್ಲಿ ನಿನ್ನ ಕುಲದ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಹೆಸರಿಗೆ ಕಾವಲು ಬಂತು, ಬೀಜಕ್ಕೆ ಬರಲಿಲ್ಲ. ಆದರೆ ಹಿತ್ತಲಿಗೆ ಕ್ವಿಂಟಲ್ ಲೆಕ್ಕ ಬೇಕಿಲ್ಲ. ಐದಾರು ಗಿಡ ಉಳಿದರೆ ಒಂದು ಮನೆಗೆ ಧಾರಾಳವಾಯಿತು. ಹೊಲದಲ್ಲಿ ಸೋತ ನಿನಗೆ ಹಿತ್ತಲೇ ಸರಿಯಾದ ಜಾಗ ಎಂಬುದು ನನ್ನ ವಾದ.

ಹಾಗಾಗಿ ನೀನು ಯಾವಾಗ ಬರಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ರೋಹಿಣಿ ಮಳೆ ಕೂಡುವುದು ಮೇ 25ರ ಸುಮಾರಿಗೆ. ಆ ವಾರವೇ ಗೇಣೆತ್ತರದ ಸಣ್ಣ ಮಡಿ ಮಾಡಿ, ಹಳೇ ತಿಪ್ಪೆಗೊಬ್ಬರ, ಒಂದಿಷ್ಟು ಮರಳು ಕಲಸಿ, ನಾಲ್ಕು ಬೆರಳಿಗೊಂದು ಗೆರೆ ಎಳೆದು ಬೀಜ ಬಿಡಬೇಕು. ಅರ್ಧ ಸೆಂಟಿಮೀಟರಿಗಿಂತ ಆಳ ಬೇಡ. ಮೇಲೆ ತೆಳ್ಳಗೆ ಹುಲ್ಲು. ಎಂಟು–ಹತ್ತು ದಿನಕ್ಕೆ ಮೊಳಕೆ ಕಂಡ ಕೂಡಲೇ ಹುಲ್ಲು ತೆಗೆಯಬೇಕು, ಇಲ್ಲದಿದ್ದರೆ ಸಸಿ ಬೆಳಕಿಗೆ ಹಪಹಪಿಸಿ ಸಣಕಲಾಗುತ್ತದೆ. ಬೀಜ ಒತ್ತಾಗಿ ಬಿದ್ದು, ಸಂಜೆ ನೀರು ಕುಡಿದ ಮಡಿ ರಾತ್ರಿಯೆಲ್ಲ ಹಸಿಯಾಗಿದ್ದರೆ ಸಸಿಗಳು ಕುತ್ತಿಗೆ ಕೊಳೆತು ಮಲಗಿಬಿಡುತ್ತವೆ. ನೀರು ಬೆಳಿಗ್ಗೆಯೇ ಆಗಬೇಕು.

ನಲವತ್ತು ದಿನ ಕಳೆಯುವಷ್ಟರಲ್ಲಿ ಆರಿದ್ರಾ ಮುಗಿದು ಪುನರ್ವಸು ಬಂದಿರುತ್ತದೆ. ಮೋಡ ಕವಿದ ಒಂದು ಸಂಜೆ ಅಗಿ ಕಿತ್ತು ಹಚ್ಚುವುದು, ಗಿಡದಿಂದ ಗಿಡಕ್ಕೆ ಎರಡಡಿ. ಕಳೆದ ವರ್ಷ ಬದನೆ, ಟೊಮೆಟೊ ಇದ್ದ ಜಾಗ ಮಾತ್ರ ಬೇಡ. ಅವರು ನಿನ್ನ ದಾಯಾದಿಗಳು, ರೋಗವನ್ನು ಮಣ್ಣಿನಲ್ಲೇ ಬಿಟ್ಟು ಹೋಗಿರುತ್ತಾರೆ. ಬೇಸಿಗೆಯಲ್ಲಿ ನೀರೆರೆದು ಬೆಳೆಸಬಹುದಲ್ಲ ಎನ್ನುವವರಿದ್ದಾರೆ. ಬೆಳೆಸಬಹುದು, ಆದರೆ ಬಿಸಿಲು 35 ಡಿಗ್ರಿ ದಾಟಿದರೆ ನೀನು ಹೂವನ್ನೆಲ್ಲ ಉದುರಿಸಿ ಕೂರುತ್ತೀ. ಪುನರ್ವಸುವಿಗೆ ಹಚ್ಚಿದರೆ ಹೂವಿಗೆ ತಂಪು ಸಿಗುತ್ತದೆ, ಹಣ್ಣಿಗೆ ಚಳಿಗಾಲದ ಒಣಬಿಸಿಲು. ಮಲೆನಾಡು, ಕರಾವಳಿಯವರಿಗೆ ಈ ಪಂಚಾಂಗ ನಡೆಯದು. ಅಲ್ಲಿ ಆಷಾಢದ ಮಳೆಗೆ ಬೇರೇ ಕೊಳೆಯುತ್ತದೆ, ಮಳೆ ಇಳಿದ ಮೇಲೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ನೆಡಲಿ. ಬೆಂಗಳೂರಿನ ತಾರಸಿಯಾದರೆ ಹನ್ನೆರಡು ಇಂಚಿನ ಕುಂಡ, ದಿನಕ್ಕೆ ಆರು ತಾಸು ಬಿಸಿಲು.

ಯೂರಿಯಾ ಸುರಿದರೆ ಎಲೆ ಸೊಂಪಾಗುತ್ತದೆ, ಕಾಯಿ ನಿಲ್ಲುವುದಿಲ್ಲ. ಆ ಎಳೆ ಎಲೆಗೇ ನುಸಿ ಬರುವುದು. ಎಲೆ ದೋಣಿಯಂತೆ ಮೇಲಕ್ಕೆ ಮಡಚಿದರೆ ಥ್ರಿಪ್ಸ್, ಕೆಳಕ್ಕೆ ಬೋರಲಾದರೆ ಮೈಟ್ ನುಸಿ. ಅಂಗಡಿಯವರು ಎರಡಕ್ಕೂ ಒಂದೇ ಬಾಟಲಿ ಕೊಡುತ್ತಾರೆ! ಹಿತ್ತಲಿಗೆ ಬೇವಿನ ಬೀಜದ ಕಷಾಯ ಸಾಕು, ಎಲೆಯ ಅಡಿಗೆ ತಾಗುವಂತೆ ಹೊಡೆಯಬೇಕಷ್ಟೆ. ತೀರಾ ಮುದುಡಿದ ಗಿಡವನ್ನು ಕರುಣೆ ತೋರದೆ ಕಿತ್ತುಹಾಕುವುದೇ ಮೇಲು.

ಇನ್ನು ನಿನಗೆ ರುಚಿಸದ ಮಾತು. ನಿನ್ನನ್ನು ಪರದೆಯೊಳಗೆ ಕೂರಿಸುತ್ತೇನೆ. ನಿನ್ನ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು, ನಿಜ. ಆದರೆ ಜೇನು ಬಿಡಬೇಕಲ್ಲ? ಪಕ್ಕದ ಮನೆಯ ಹೈಬ್ರಿಡ್ ಗಿಡದಲ್ಲಿ ಕೂತು ಎದ್ದು ನಿನ್ನಲ್ಲಿಗೆ ಬರುತ್ತದೆ. ಮೋಸ ಆ ವರ್ಷ ಕಾಣುವುದಿಲ್ಲ. ಹಣ್ಣು ನಿನ್ನ ಹಾಗೆಯೇ ಗಿಡ್ಡ, ದಪ್ಪ, ಸುಕ್ಕು. ಒಳಗಿನ ಬೀಜ ಮಾತ್ರ ಬೆರಕೆ. ಮುಂದಿನ ವರ್ಷ ಆ ಬೀಜದ ಗಿಡ ಕಾಯಿ ಬಿಟ್ಟಾಗಲೇ ಗುಟ್ಟು ಹೊರಬೀಳುವುದು. ಎಷ್ಟೋ ಹಿತ್ತಲುಗಳಲ್ಲಿ ಯಾರೂ ನಿನ್ನನ್ನು ಕಿತ್ತೆಸೆದಿಲ್ಲ, ವರ್ಷವರ್ಷವೂ ಹೀಗೆ ಬೆರೆತು ಬೆರೆತು ಕರಗಿದ್ದೀ ಎಂದೇ ನನ್ನ ಗುಮಾನಿ. ಅದಕ್ಕೆ ಬೀಜಕ್ಕೆಂದು ಎರಡು ಒಳ್ಳೆಯ ಗಿಡ ಆರಿಸಿ, ಅರಳಿದ ಹೂವು, ಹಿಡಿದ ಕಾಯಿಗಳನ್ನೆಲ್ಲ ಚಿವುಟಿ, ಸೊಳ್ಳೆಪರದೆಯ ಬಟ್ಟೆ ಕಟ್ಟುವುದು. ದಿನಕ್ಕೊಮ್ಮೆ ರೆಂಬೆ ಮೆಲ್ಲಗೆ ಅಲುಗಿಸಿದರೆ ಗಾಳಿಯ ಕೆಲಸವೂ ಆಯಿತು. ಒಳಗೆ ಹತ್ತಾರು ಕಾಯಿ ನಿಂತ ಮೇಲೆ ಅವುಗಳ ತೊಟ್ಟಿಗೆ ಕೆಂಪು ದಾರ ಕಟ್ಟಿ ಪರದೆ ಬಿಚ್ಚುತ್ತೇನೆ. ಆಮೇಲೆ ನಿನ್ನ ಇಷ್ಟ.

ದಾರದ ಹಣ್ಣು ಗಿಡದಲ್ಲೇ ಮೆತ್ತಗಾಗುವ ತನಕ ಬಿಡುವುದು, ಬೀಜ ಬಿಡಿಸಿ ನೆರಳಲ್ಲಿ ಒಣಗಿಸುವುದು, ಒಲೆ ಬೂದಿ ಬೆರೆಸಿ ಬಾಟಲಿಗೆ ತುಂಬುವುದು. ಎರಡು ವರ್ಷ ಮೊಳಕೆಗೆ ಭಯವಿಲ್ಲ. ದಾರವಿಲ್ಲದವು ಅಡುಗೆಮನೆಗೆ: ಮೊದಲ ಹಸಿ ಹಣ್ಣುಗಳಿಗೆ ಉಪ್ಪು, ಹುಣಸೆ, ಬೆಳ್ಳುಳ್ಳಿ ಸೇರಿಸಿ ರಂಜಕ, ಉಳಿದದ್ದು ಒಣಗಿ ಮಸಾಲೆಗೆ.

ಅಗಿ ಮಿಕ್ಕರೆ ಓಣಿಯವರಿಗೂ ಹಂಚುತ್ತೇನೆ. ಷರತ್ತು ಒಂದೇ: ಪರದೆ ಬಟ್ಟೆಯನ್ನು ಅವರೇ ತರಬೇಕು.

ಇಂತಿ,
ರೋಹಿಣಿಗೆ ಮಡಿ ಹದ ಮಾಡಿಡುವವನು