ಒಂದಽ ಮಾತಿಗೆ ಅತ್ತಿಯವರ ಓಟು ಹೋತು

ಎಲೆಕ್ಷನ್ ಅಂದ್ರ ನಮ್ಮ ಅತ್ತಿಯವರಿಗೆ ಹಬ್ಬ ಇದ್ದಂಗ. ನಸುಕಿನಾಗ ಎದ್ದು, ಜಳಕಾ ಮಾಡಿ, ಟ್ರಂಕಿನಾಗಿನ ಇಳಕಲ್ ಸೀರಿ ಉಟ್ಟು ತಯಾರಾಗಿಬಿಡ್ತಾರ. "ಗದ್ಲ ಆಗೂದರೊಳಗ ಒತ್ತಿ ಬರೂಣು, ನಡಿ" ಅಂತ ನನಗೂ ಚಹಾ ಕುಡ್ಯಾಕ ಬಿಡೂದಿಲ್ಲ.

2018ರ ಮೇ 12ಕ್ಕ ವಿಧಾನಸಭಾ ಎಲೆಕ್ಷನ್. ಹಂಗಽ ಇಬ್ಬರೂ ಸಾಲಿಗೆ ಹೋದ್ವಿ. ನನ್ನ ಹೆಸರು ಸಿಕ್ತು. ಅತ್ತಿಯವರದು ಸಿಗಲಿಲ್ಲ. ಅಲ್ಲಿ ಕುಂತವರು ಹಾಳಿ ಹಿಂದ ಮುಂದ ತಿರುವಿ ನೋಡಿದ್ರು. "ಅಜ್ಜಿ, ನಿಮ್ಮ ಹೆಸರು ಲಿಸ್ಟಿನಾಗ ಇಲ್ರಿ" ಅಂದ್ರು.

"ಇಲ್ಲ ಅಂದ್ರ? ನಾ ಇಲ್ಲೇ ನಿಂತೀನಲ್ಲ!" ಅಂದ್ರು ಅತ್ತಿ. ಪ್ಲಾಸ್ಟಿಕ್ ಚೀಲದಾಗಿಂದ ಕಾರ್ಡ್ ತಗದು ಟೇಬಲ್ ಮ್ಯಾಲೆ ಇಟ್ರು.

"ಬರೇ ಕಾರ್ಡ್ ಇದ್ರ ನಡ್ಯೂದಿಲ್ರಿ, ಲಿಸ್ಟಿನಾಗ ಹೆಸರು ಇರಬೇಕು."

ನಾ ಓಟು ಹಾಕಿ ಹೊರಗ ಬಂದೆ. ಅತ್ತಿ ಬೇವಿನ ಗಿಡದ ಕಟ್ಟಿ ಮ್ಯಾಲೆ ಕುಂತಿದ್ರು. ಶಾಯಿ ಹಚ್ಚಿದ ಬಟ್ಟು ಅವರಿಗೆ ಕಾಣಬಾರದಂತ ಸೆರಗಿನಾಗ ಮುಚಗೊಂಡೆ.

ಮನ್ಯಾಗ ಅವತ್ತ ಎಲ್ಲಾರಿಗೂ ಸಿಟ್ಟು. "ಬೇಕಂತನಽ ತಗದಾರ", "ಇದರಾಗ ಏನೋ ಮಸಲತ್ತು ಅದ" ಅಂತ ಒಬ್ಬೊಬ್ಬರು ಒಂದೊಂದು ಅಂದ್ರು. ನಾನೂ ಎಲ್ಲಾರಕಿಂತ ಜೋರಲೆ ಅಂದೆ. ರಾತ್ರಿ ಭಾಂಡಿ ತಿಕ್ಕೂ ಮುಂದ ಥಟ್ಟನೆ ನೆನಪಾತು ನೋಡ್ರಿ, ಕೈ ಅಲ್ಲೇ ನಿಂತು.

ಹಿಂದಿನ ವರ್ಷ ದೀಪಾವಳಿ ಮುಂದ ಮತದಾರರ ಪಟ್ಟಿ ಹಿಡಕೊಂಡು ಒಬ್ಬ ಮೇಡಂ ಬಂದಿದ್ರು. ನಾ ಚಕ್ಕಲಿ ಹಾಕ್ಲಿಕ್ಕೆ ಹತ್ತಿದ್ದೆ, ಒಲಿ ಮ್ಯಾಲೆ ಎಣ್ಣಿ ಕಾದಿತ್ತು. ಅತ್ತಿ ಮಗಳ ಬಾಣಂತನಕ್ಕ ಪುಣೆಕ್ಕ ಹೋಗಿದ್ರು. "ನಿಮ್ಮ ಅತ್ತಿಯವರು ಎಲ್ಲಿದ್ದಾರ್ರಿ?" ಅಂತ ಆಕಿ ಕೇಳಿದ್ರು. ನಾ ಏನಂದೆ? "ಪುಣೆದಾಗ ಇರ್ತಾರ್ರಿ, ಮಗಳ ಕಡೆ." "ಹೋಗ್ಯಾರ, ಬರ್ತಾರ" ಅನ್ನಬೇಕಾಗಿತ್ತು. "ಇರ್ತಾರ" ಅಂದುಬಿಟ್ಟೆ. ಆಕಿ ಬರಕೊಂಡ್ರು. ಹಿಟ್ಟಿನ ಕೈ ಒರಿಸಿಕೊಂಡು, ಓದದನಽ ಸಹಿ ಮಾಡಿದೆ.

ಮರುದಿನ ಮುಂಜಾನೆ ಲೈಟ್ ಬಿಲ್ಲು ಚುಚ್ಚಿಡೂ ತಂತಿ ತಡಕಾಡಿದೆ. ಅದರಾಗ ಒಂದು ಲಕೋಟಿ, ಒಡದಽ ಇದ್ದಿಲ್ಲ. ಅತ್ತಿಯವರ ಹೆಸರಿಗೆ ನೋಟಿಸು: ನೀವು ಈ ವಿಳಾಸದಾಗ ಇಲ್ಲ ಅಂತ ತಿಳದದ, ತಕರಾರು ಇದ್ರ ಬಂದು ಹೇಳ್ರಿ. ಆ ತಾರೀಖು ದಾಟಿ ತಿಂಗಳುಗಟ್ಟಲೆ ಆಗಿತ್ತು.

ಎಂಟು ದಿನ ಬಾಯಿ ಬಿಡಲಿಲ್ಲ. ಆದ್ರ ಹೆಸರು ಮತ್ತ ಸೇರಸಬೇಕಂದ್ರ ಫಾರ್ಮ್ 6 ತುಂಬಬೇಕು, ಅವರಽ ಸಹಿ ಮಾಡಬೇಕು. ಹೇಳಿದೆ. ಬೈತಾರಂತ ತಿಳಕೊಂಡಿದ್ದೆ. ಅವರು ಬೈಲಿಲ್ಲ. ಸ್ವಲ್ಪ ಹೊತ್ತು ಸುಮ್ಮನ ಕುಂತು ಅಂದ್ರು: "ನಿನಗ ನಾ ಅತ್ತಿ, ಅವಂಗ ಅವ್ವ, ಓಣ್ಯಾಗ ಅಜ್ಜಿ. ಐದು ವರ್ಷಕ್ಕೊಮ್ಮೆ ಆ ಬೂತಿನಾಗ ನನ್ನ ಹೆಸರು ಜೋರಲೆ ಓದ್ತಿದ್ರು. ಅದನ್ನ ಕೇಳ್ಳಿಕ್ಕೆ ಹೋಗ್ತಿದ್ದೆ."

ಆಮ್ಯಾಲೆ ಒಂದು ಸಂಗತಿ ಓದಿದೆ. 1951-52ರ ಮೊದಲನೇ ಎಲೆಕ್ಷನ್ನಿನಾಗ ಸುಮಾರು 28 ಲಕ್ಷ ಹೆಣ್ಣಮಕ್ಕಳ ಹೆಸರು ಪಟ್ಟಿಯಿಂದ ಬಿಟ್ಟುಹೋದ್ವಂತ. ಬಹಳಷ್ಟು ಉತ್ತರದ ಕಡೆಯವು. ಯಾಕಂದ್ರ ಅವರು ತಮ್ಮ ಹೆಸರು ಹೇಳಲಿಲ್ಲ, "ಇಂಥವರ ಹೇಣ್ತಿ", "ಇಂಥವರ ತಾಯಿ" ಅಂತನಽ ಬರಸಿದ್ರು. ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರು ಅದನ್ನ ಒಪ್ಪಲಿಲ್ಲ, ಸ್ವಂತ ಹೆಸರಽ ಬೇಕು ಅಂದ್ರು. ಓದಿ ಅತ್ತಿಯವರ ಮಾತು ನೆನಪಾತು.

2019ರ ಏಪ್ರಿಲ್ 23ಕ್ಕ ಲೋಕಸಭಾ ಎಲೆಕ್ಷನ್. ಬೂತಿನಾಗ ಅತ್ತಿಯವರ ಹೆಸರು ಓದಿದ್ರು. "ಹೂಂ, ನಾನಽ!" ಅಂದ್ರು, ಸಾಲ್ಯಾಗ ಹಾಜರಿ ಹೇಳಿದಂಗ. ಒತ್ತಿದ ಮ್ಯಾಲೆ ಕನ್ನಡಿ ಹಿಂದ ಚೀಟಿ ಏಳು ಸೆಕೆಂಡ್ ಕಾಣತದಲ್ಲ, ಅದು ಡಬ್ಬಿಗೆ ಬೀಳೂತನಕ ನಿಂತು ನೋಡೇ ಬಂದ್ರು.

ಎಲ್ಲಾರ ಹೆಸರೂ ನನ್ನಂಥವರ ಬಾಯಿ ತಪ್ಪಿಂದನಽ ಹೋಗ್ತಾವಂತ ನಾ ಹೇಳೂದಿಲ್ಲ. 2023ರ ಎಲೆಕ್ಷನ್ ಮುಂದ ಕಲಬುರಗಿ ಜಿಲ್ಲಾದ ಆಳಂದದಾಗ, ಹೆಸರು ತಗೀರಿ ಅಂತ ಫಾರ್ಮ್ 7 ಆನ್‌ಲೈನಿನಾಗ 6,018 ಬಂದಿದ್ವು. ಪರಿಶೀಲನೆ ಮಾಡಿದ್ರ ಖರೇ ಇದ್ದದ್ದು ಬರೇ 24! ಪೊಲೀಸ್ ಕೇಸೂ ಆತು. ಹಂಗಾಗಿ ಸಂಶಯ ಪಡೂದು ತಪ್ಪಲ್ಲ. ಆದ್ರ ಇಂಥಾ ಸುಳ್ಳು ಹಿಡೀಬೇಕಂದ್ರ ಯಾರರೆ ಬಾಗಲಿಗೆ ಬಂದು ಕೇಳಬೇಕು. ಬಾಗಲಾ ತಗದು ಉತ್ತರಾ ಕೊಡೂದು ಯಾರು? ಹಿಟ್ಟಿನ ಕೈಲೆ ನಾವಽ. ಆ ಎರಡು ನಿಮಿಷ ಒಲಿ ಆರಿಸಿ ಮಾತಾಡ್ರಿ.

ಕಾಕು, ವೈನಿ, ಅಕ್ಕಾ, ಎಲೆಕ್ಷನ್ ದಿನದ ತನಕ ಕಾಯಬ್ಯಾಡ್ರಿ. ಕಾರ್ಡ್ ಅಲ್ಲ, ಲಿಸ್ಟಿನಾಗ ಹೆಸರು ನೋಡ್ರಿ. ಹೆಸರಿದ್ದು ಕಾರ್ಡ್ ಕಳದಿದ್ರ ಆಧಾರದಂಥಾ ಬ್ಯಾರೆ ಗುರುತಿನ ಚೀಟಿ ನಡೀತಾವ. ಹೊಸದಾಗಿ ಸೇರಸಾಕ ಫಾರ್ಮ್ 6. ಮನಿ ಬದಲಿ ಮಾಡಿದ್ರ, ಲಗ್ನ ಆಗಿ ಬ್ಯಾರೆ ಊರಿಗೆ ಹೋಗಿದ್ರ, ಹೆಸರು ತಪ್ಪು ಬಿದ್ದಿದ್ರ ಫಾರ್ಮ್ 8. ಏನರೆ ಕೇಳೂದಿದ್ರ 1950ಕ್ಕ ಫೋನ್ ಮಾಡ್ರಿ. ಹದಿನೇಳು ತುಂಬಿದ ಹುಡುಗ್ಯಾರು ಈಗಽ ಅರ್ಜಿ ಹಾಕಿಡಬಹುದು, ಹದಿನೆಂಟಕ್ಕ ಹೆಸರು ಸೇರತದ.

ಮೊನ್ನೆ ಅತ್ತಿ ಮತ್ತ ಪುಣೆಕ್ಕ ಹೊಂಟ್ರು. ರಿಕ್ಷಾ ಹತ್ತಿ, ಹೊಳ್ಳಿ ನನ್ನ ಕಡೆ ನೋಡಿ ನಕ್ಕು ಅಂದ್ರು: "ಯಾರರೆ ಬಂದು ಕೇಳಿದ್ರ, 'ಹೋಗ್ಯಾರ' ಅನ್ನು, ಮತ್ತ!"